ತುಂಗಭದ್ರಾ ಜಲಾಶಯದ ಹೂಳು: ಉಪಗ್ರಹ ಚಿತ್ರದಿಂದ ಅಳೆಯುವ ಬಗೆ, ಎಡವುವ ಜಾಗಗಳು

ಹೊಸಪೇಟೆ ಪಕ್ಕದ ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಬಳಕೆಗೆ ಬಂದಾಗ, ನೀರು ಸಮುದ್ರ ಮಟ್ಟದಿಂದ 1633 ಅಡಿಗೆ ನಿಂತರೆ 132.47 ಟಿಎಂಸಿ ಹಿಡಿಯುತ್ತದೆ ಎಂಬ ಲೆಕ್ಕವಿತ್ತು. 2008ರ ಸಮೀಕ್ಷೆ ಅದನ್ನು 100.855 ಟಿಎಂಸಿಗೆ ಇಳಿಸಿತು. ಆಮೇಲಿನ ಸಮೀಕ್ಷೆಯ ನಂತರ ಈಗ ದಿನವಹಿ ವರದಿಯಲ್ಲಿ ಬರುವ ಅಂಕಿ 105.788 ಟಿಎಂಸಿ. ಮೊದಲ ಎರಡು ಅಂಕಿಗಳ ನಡುವೆ 31.6 ಟಿಎಂಸಿ ಕರಗಿದೆ, ಅದು ಹೂಳು. ಕೊನೆಯ ಎರಡರ ನಡುವೆ 4.9 ಟಿಎಂಸಿ ಹೆಚ್ಚಾಗಿದೆ. ಅಷ್ಟು ಹೂಳನ್ನು ಯಾರೂ ಎತ್ತಿಲ್ಲ, ಅದು ತಾನಾಗಿ ಹೊರಗೆ ಹೋಗುವುದೂ ಇಲ್ಲ. ಬದಲಾದದ್ದು ಅಳೆದ ವಿಧಾನ.

ಕೊಪ್ಪಳ, ರಾಯಚೂರು, ವಿಜಯನಗರ, ಬಳ್ಳಾರಿ ಜಿಲ್ಲೆಗಳ ಜೊತೆಗೆ ಆಂಧ್ರ ಮತ್ತು ತೆಲಂಗಾಣದ ಹೊಲಗಳೂ ಈ ಒಂದು ಜಲಾಶಯವನ್ನು ನೆಚ್ಚಿಕೊಂಡಿವೆ. ನೀರಾವರಿ ಸಲಹಾ ಸಮಿತಿ, ಅಂದರೆ ಎಲ್ಲರ ಬಾಯಲ್ಲಿರುವ ಐಸಿಸಿ ಸಭೆ, ಎರಡನೇ ಬೆಳೆಗೆ ನೀರು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ‘ಇಂದಿನ ಮಟ್ಟ ಇಷ್ಟು ಅಡಿ, ಆದ್ದರಿಂದ ಇಷ್ಟು ಟಿಎಂಸಿ’ ಎಂಬ ಕೋಷ್ಟಕ ನೋಡಿ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಬೇಸಿಗೆ ಭತ್ತಕ್ಕೆ ಹಂಗಾಮಿನುದ್ದಕ್ಕೆ 1.2 ಮೀಟರ್ ನೀರು ಬೇಕು ಎಂದಿಟ್ಟುಕೊಂಡರೆ, ಕಾಲುವೆಯ ಸೋರಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದು ಸುಮಾರು 5,800 ಎಕರೆಯ ನೀರು. ಕೋಷ್ಟಕದಲ್ಲಿ 4.9 ಟಿಎಂಸಿ ತಪ್ಪಿದ್ದರೆ ಅದರ ಪೆಟ್ಟು ಬೀಳುವುದು ಮಾರ್ಚ್ ಕೊನೆಯಲ್ಲಿ, ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ, ಕಾಲುವೆಯ ಕೊನೆ ಭಾಗದ ರೈತರ ಮೇಲೆ.

ಹಾಗಾಗಿ ಜಲಾಶಯ ಒಟ್ಟು ಎಷ್ಟು ಹಿಡಿಯುತ್ತದೆ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಪ್ರತಿ ಅಡಿಗೆ ಎಷ್ಟು ಹಿಡಿಯುತ್ತದೆ? ಉಪಗ್ರಹ ಚಿತ್ರ ಚೆನ್ನಾಗಿ ಉತ್ತರಿಸಬಲ್ಲ ಪ್ರಶ್ನೆ ಇದೇ.

ಕೋಷ್ಟಕದ ಒಳಗೇ ಇರುವ ವಿಸ್ತೀರ್ಣ

ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಮಟ್ಟ ಒಂದು ಅಡಿ ಏರಿದಾಗ ಸಂಗ್ರಹ ಒಂದು ಟಿಎಂಸಿ ಹೆಚ್ಚುತ್ತದೆ ಎಂದು ಕೋಷ್ಟಕ ಹೇಳಿದರೆ, ಆ ಮಟ್ಟದಲ್ಲಿ ನೀರು ನೂರು ಕೋಟಿ ಚದರ ಅಡಿ, ಅಂದರೆ 92.9 ಚದರ ಕಿಲೋಮೀಟರ್ ಹರಡಿದೆ ಎಂದು ಹೇಳಿದಂತೆಯೇ ಆಯಿತು. ಹೀಗೆ ಸಂಗ್ರಹ ಕೋಷ್ಟಕದ ಪ್ರತಿ ಸಾಲೂ ಒಂದು ವಿಸ್ತೀರ್ಣವನ್ನು ಸಾರುತ್ತದೆ. ವಿಸ್ತೀರ್ಣವನ್ನು ಮೇಲಿನಿಂದ ನೋಡಿ ಪರೀಕ್ಷಿಸಬಹುದು.

ಮೂಲ ವಿನ್ಯಾಸದಲ್ಲಿ ಪೂರ್ಣ ಮಟ್ಟದ ವಿಸ್ತೀರ್ಣ ಸುಮಾರು 378 ಚದರ ಕಿ.ಮೀ. ಅದನ್ನು 92.9ರಿಂದ ಭಾಗಿಸಿದರೆ ಮೇಲ್ತುದಿಯ ಒಂದು ಅಡಿಗೆ 4 ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಈಗಿನ ಕೋಷ್ಟಕ ಏನು ಹೇಳುತ್ತದೆ ನೋಡಿ. ಕ್ರಸ್ಟ್ ಗೇಟುಗಳ ಸ್ಥಿತಿ ನೋಡಿ 2025ರಲ್ಲಿ ಸಂಗ್ರಹವನ್ನು 1626 ಅಡಿಗೆ, ಸುಮಾರು 80 ಟಿಎಂಸಿಗೆ ಮಿತಿಗೊಳಿಸಲಾಯಿತು. 1633 ಅಡಿಗೆ 105.788. ನಡುವಿನ 7 ಅಡಿಗೆ 25.8 ಟಿಎಂಸಿ, ಅಡಿಗೆ ಸರಾಸರಿ 3.68. ಅಂದರೆ ಆ ಪದರದ ಸರಾಸರಿ ವಿಸ್ತೀರ್ಣ ಹೆಚ್ಚೂಕಡಿಮೆ 342 ಚದರ ಕಿ.ಮೀ. 80 ಎಂಬುದು ದುಂಡಾಗಿಸಿದ ಅಂಕಿಯಾದ್ದರಿಂದ ಇದೂ ಅಂದಾಜೇ. ಆದರೂ 1629 – 1630 ಅಡಿಯ ಆಸುಪಾಸಿನ ಒಂದೇ ಒಂದು ಮೋಡವಿಲ್ಲದ ಚಿತ್ರ ತೆಗೆದು ನೀರಿನ ವಿಸ್ತೀರ್ಣ ಅಳೆದರೆ ಕೋಷ್ಟಕ ನಂಬಬಹುದಾದದ್ದೇ ಎಂಬುದರ ಮೊದಲ ಸುಳಿವು ಸಿಗುತ್ತದೆ. ದೊಡ್ಡ ಯೋಜನೆಗೆ ಕೈಹಾಕುವ ಮೊದಲು ಈ ಪರೀಕ್ಷೆ ಮಾಡಲೇಬೇಕು. ಅರ್ಧ ದಿನದ ಕೆಲಸ, ಖರ್ಚಿಲ್ಲ.

ತುಂಗಭದ್ರಾ ಜಲಾಶಯ ಆಳಕ್ಕಿಂತ ಅಗಲ ಹೆಚ್ಚಿರುವ, ತಟ್ಟೆಯಂಥ ಜಲಾಶಯ. ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಕಡೆಯ ಹಿನ್ನೀರಿನಲ್ಲಿ ನೆಲದ ಇಳಿಜಾರು ತೀರಾ ಕಡಿಮೆ. ಮಟ್ಟ ಒಂದಡಿ ಇಳಿದರೆ ನೀರಿನ ಅಂಚು ನೂರಾರು ಮೀಟರ್ ಹಿಂದೆ ಸರಿಯುವ ಜಾಗಗಳಿವೆ. ಉಪಗ್ರಹ ವಿಧಾನಕ್ಕೆ ಇದು ಅನುಕೂಲ. ಕಡಿದಾದ ಕಣಿವೆಯ ಮಲೆನಾಡಿನ ಜಲಾಶಯಗಳಲ್ಲಿ ಮಟ್ಟ ಮೂರು ಅಡಿ ಇಳಿದರೂ ಅಂಚು ಒಂದು ಪಿಕ್ಸೆಲ್, ಅಂದರೆ ಚಿತ್ರದ ಅತಿ ಸಣ್ಣ ಒಂದು ಚೌಕದಷ್ಟೂ, ಸರಿಯದೆ ಹೋಗಬಹುದು.

ಯಾವ ವರ್ಷ, ಯಾವ ಚಿತ್ರ

ಕೆಲಸದ ತಿರುಳು ಸರಳ. ಜಲಾಶಯ ತುಂಬಿದ ಮೇಲೆ ಅಕ್ಟೋಬರಿನಿಂದ ಜೂನ್ ತನಕ ಮಟ್ಟ ಇಳಿಯುತ್ತಾ ಹೋಗುತ್ತದೆ. ಬೇರೆಬೇರೆ ಮಟ್ಟಗಳ ಚಿತ್ರ ಆರಿಸಿ, ಪ್ರತಿಯೊಂದರಲ್ಲೂ ನೀರಿನ ವಿಸ್ತೀರ್ಣ ಅಳೆದು, ಎರಡೆರಡರ ನಡುವಿನ ಘನ ಅಳತೆ ಕೂಡಿಸುತ್ತಾ ಹೋಗುವುದು.

ಇದಕ್ಕೆ ಎಲ್ಲ ವರ್ಷವೂ ಒದಗುವುದಿಲ್ಲ. ಪೂರ್ತಿ ತುಂಬಿ, ಆಮೇಲೆ ತಳ ಕಾಣುವಷ್ಟು ಖಾಲಿಯಾದ ವರ್ಷ ಬೇಕು. 2022ರಲ್ಲಿ ಜಲಾಶಯ ತುಂಬಿತ್ತು. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ಆ ಹೊತ್ತಿಗೆ ಜಲಾಶಯ ಬರಿದಾಗುತ್ತಾ ಬಂದಿತ್ತು. ಹೀಗೆ 2022 – 23 ಈ ಕೆಲಸಕ್ಕೆ ಹೇಳಿಮಾಡಿಸಿದ ವರ್ಷ. 2025ರಲ್ಲಿ 1626 ಅಡಿಗಿಂತ ಮೇಲೆ ನೀರು ನಿಲ್ಲಿಸದ ಕಾರಣ ಮೇಲಿನ ಪದರದ ಅಳತೆಗೆ ಆ ವರ್ಷ ಬರುವುದಿಲ್ಲ.

ನೀರು ಏರುವಾಗಿನ ಚಿತ್ರ ಬೇಡ. ಜುಲೈ ತಿಂಗಳಲ್ಲಿ ಒಳಹರಿವು ಜೋರಾಗಿರುವಾಗ ಮಟ್ಟ ದಿನಕ್ಕೆ ಅಡಿಗಟ್ಟಲೆ ಏರುತ್ತದೆ. ಜಲಾಶಯದ ಮಟ್ಟ ದಾಖಲಾಗುವುದು ಸಾಮಾನ್ಯವಾಗಿ ಬೆಳಿಗ್ಗೆ 8ಕ್ಕೆ, ಐರೋಪ್ಯ ಉಪಗ್ರಹ ಸೆಂಟಿನೆಲ್-2 ಹಾದುಹೋಗುವುದು ಹತ್ತೂವರೆ – ಹನ್ನೊಂದರ ಹೊತ್ತಿಗೆ. ಆ ಎರಡೂವರೆ ಗಂಟೆಯಲ್ಲಿ ಮಟ್ಟ ಬದಲಾಗಿರುತ್ತದೆ. ಸಾಲದ್ದಕ್ಕೆ ಏರುವಾಗ ಹಿನ್ನೀರಿನ ತುದಿಯಲ್ಲಿ ನೀರಿನ ಮೇಲ್ಮೈ ಅಣೆಕಟ್ಟೆಯ ಬಳಿಗಿಂತ ಎತ್ತರವಿರುತ್ತದೆ, ಮಟ್ಟಸವಾಗಿರುವುದಿಲ್ಲ. ಇಳಿಯುವಾಗ ದಿನಕ್ಕೆ ಕೆಲವು ಅಂಗುಲ ಮಾತ್ರ, ತಪ್ಪು ಸಣ್ಣದು.

ಸೆಂಟಿನೆಲ್-2ರ ಎರಡು ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ಒಂದೇ ಜಾಗವನ್ನು ನೋಡುತ್ತವೆ. ಹಸಿರು ಮತ್ತು ಸಮೀಪ ಅವಗೆಂಪು (ಕಣ್ಣಿಗೆ ಕಾಣದ ಇನ್ಫ್ರಾರೆಡ್) ಬೆಳಕಿನ ಪಟ್ಟಿಗಳಲ್ಲಿ ಪಿಕ್ಸೆಲ್ 10 ಮೀಟರ್. ಭಾರತದ ರಿಸೋರ್ಸ್‌ಸ್ಯಾಟ್‌ನ ಲಿಸ್-3 ಸಂವೇದಕದಲ್ಲಿ 23.5 ಮೀಟರ್, ಲಿಸ್-4ರಲ್ಲಿ 5.8 ಮೀಟರ್. ಹಿಂದಿನ ದಶಕಗಳ ಹೋಲಿಕೆಗೆ ಲ್ಯಾಂಡ್‌ಸ್ಯಾಟ್ ಬಿಟ್ಟರೆ ಗತಿಯಿಲ್ಲ, 1980ರ ದಶಕದಿಂದ 30 ಮೀಟರಿನ ಚಿತ್ರಗಳಿವೆ. ಒಂದೇ ಇಳಿಕೆಯ ಹಂಗಾಮಿನಿಂದ ಹತ್ತು – ಹನ್ನೆರಡು ಚಿತ್ರ ಸಾಕು, ಒಂದರಿಂದ ಇನ್ನೊಂದಕ್ಕೆ ಮೂರರಿಂದ ನಾಲ್ಕು ಅಡಿ ಅಂತರವಿರಲಿ. ಬೇರೆಬೇರೆ ವರ್ಷಗಳ ಚಿತ್ರ ಬೆರೆಸಿ ಒಂದೇ ಕೋಷ್ಟಕ ಕಟ್ಟುವುದು ಅನಿವಾರ್ಯವಾದಾಗ ಮಾತ್ರ. ನಡುವೆ ಒಂದು ಮಳೆಗಾಲ ದಾಟಿದರೆ ಹೊಸ ಹೂಳು ಬಂದು ಕೂತಿರುತ್ತದೆ.

ನೀರಿನ ಅಂಚು ಹಿಡಿಯುವುದು

ನೀರು ಅವಗೆಂಪು ಬೆಳಕನ್ನು ಹೀರುತ್ತದೆ, ಹಸಿರನ್ನು ಒಂದಿಷ್ಟು ಹಿಂತಿರುಗಿಸುತ್ತದೆ. ಮಣ್ಣು ಮತ್ತು ಬೆಳೆ ಇದಕ್ಕೆ ತದ್ವಿರುದ್ಧ. ಹಸಿರಿನಿಂದ ಅವಗೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಬರುವುದೇ ನೀರನ್ನು ಗುರುತಿಸುವ ಎನ್‌ಡಿಡಬ್ಲ್ಯುಐ ಸೂಚ್ಯಂಕ. ಸೆಂಟಿನೆಲ್-2ರಲ್ಲಿ ಹಸಿರು ಎಂದರೆ ಬಿ3, ಅವಗೆಂಪು ಎಂದರೆ ಬಿ8. ಸೊನ್ನೆಗಿಂತ ಮೇಲಿದ್ದರೆ ನೀರು ಎಂಬುದು ಪಠ್ಯದ ಮಾತು. ತುಂಗಭದ್ರೆಯಲ್ಲಿ ಅದು ಎರಡು ಸಂದರ್ಭಗಳಲ್ಲಿ ಕೈಕೊಡುತ್ತದೆ.

ಮೊದಲನೆಯದು ಮಳೆಗಾಲ ಮುಗಿದ ಹೊಸತರಲ್ಲಿ. ಕೆಂಪು ಮಣ್ಣು ಕದಡಿದ ನೀರು ಅವಗೆಂಪನ್ನೂ ಸಾಕಷ್ಟು ಹಿಂತಿರುಗಿಸುವುದರಿಂದ ಹಿನ್ನೀರಿನ ತುದಿಯ ನೀರು ನೆಲದಂತೆ ಕಾಣುತ್ತದೆ. ಎರಡನೆಯದು ನೀರು ಹಸಿರಾದಾಗ. ಈ ಜಲಾಶಯದಲ್ಲಿ ಪಾಚಿ ಬೆಳೆದು ನೀರು ಹಚ್ಚಹಸಿರಾದ ಸುದ್ದಿ ಹಲವು ವರ್ಷ ಬಂದಿದೆ. ಮೇಲೆ ತೇಲುವ ಪಾಚಿ ಬೆಳೆಯಂತೆಯೇ ಅವಗೆಂಪನ್ನು ಹೊಳೆಸುತ್ತದೆ, ಸೂಚ್ಯಂಕ ಅದನ್ನು ನೆಲದ ಲೆಕ್ಕಕ್ಕೆ ಹಾಕುತ್ತದೆ.

ಇದಕ್ಕೆ ಮದ್ದು, ಅವಗೆಂಪಿನ ಬದಲು ಕಿರುತರಂಗ ಅವಗೆಂಪು ಬಿ11 ಬಳಸುವ ಎಂಎನ್‌ಡಿಡಬ್ಲ್ಯುಐ. ಕದಡಿದ ನೀರನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಆದರೆ ಬಿ11ರ ಪಿಕ್ಸೆಲ್ 20 ಮೀಟರ್. ಸಾಲದ್ದಕ್ಕೆ ನೀರು ಆಗಷ್ಟೇ ಹಿಂದೆ ಸರಿದ ಹಸಿ ಎರೆ ಮಣ್ಣನ್ನು ಇದು ನೀರೆಂದೇ ಹೇಳಿಬಿಡುತ್ತದೆ. ಇಳಿಜಾರು ಕಡಿಮೆಯಿರುವ ಕಡೆ ಈ ಹಸಿ ಪಟ್ಟಿ ಅಗಲವಾಗಿರುತ್ತದೆ, ವಿಸ್ತೀರ್ಣ ಉಬ್ಬುತ್ತದೆ, ಹೂಳು ಕಡಿಮೆ ಎಂಬ ಸುಳ್ಳು ಉತ್ತರ ಬರುತ್ತದೆ. ಒಪ್ಪುವ ದಾರಿ ಎಂದರೆ ಎರಡೂ ಸೂಚ್ಯಂಕ ಲೆಕ್ಕ ಹಾಕಿ, ಅವು ಒಪ್ಪದ ಪಿಕ್ಸೆಲ್‌ಗಳನ್ನು ಬೇರೆ ಬಣ್ಣದಲ್ಲಿ ತೋರಿಸಿ, ಸಹಜ ಬಣ್ಣದ ಚಿತ್ರದ ಮೇಲಿಟ್ಟು ಕಣ್ಣಿಂದಲೇ ತೀರ್ಮಾನಿಸುವುದು. ಹತ್ತು – ಹನ್ನೆರಡು ಚಿತ್ರಗಳಿಗೆ ಈ ಶ್ರಮ ದುಬಾರಿಯಲ್ಲ. ಸಾವಿರಾರು ಕೆರೆಗಳಿಗೆ ಬರೆದ ಸ್ವಯಂಚಾಲಿತ ಪ್ರೋಗ್ರಾಮನ್ನು ತಂದು ಟಿಎಂಸಿ ಲೆಕ್ಕ ಹೇಳಬೇಕಾದ ಒಂದು ಜಲಾಶಯಕ್ಕೆ ಹಚ್ಚುವುದು ಸರಿಯಲ್ಲ.

ನೀರನ್ನೂ ನೆಲವನ್ನೂ ಬೇರ್ಪಡಿಸುವ ಮಿತಿ ಅಂಕಿಯನ್ನು ತಾನಾಗಿ ಹುಡುಕುವ ಓಟ್ಸು ವಿಧಾನ ಬಳಸುವವರು ಗಮನಿಸಬೇಕಾದದ್ದು: ಚಿತ್ರದಲ್ಲಿ ನೀರು ಮತ್ತು ನೆಲ ಹತ್ತಿರಹತ್ತಿರ ಸಮ ಪಾಲಿರಬೇಕು. ಇಡೀ ಚಿತ್ರ ಕೊಟ್ಟರೆ ನೀರಿನ ಪಾಲು ತೀರಾ ಸಣ್ಣದಾಗಿ, ವಿಧಾನ ಒಣ ಹೊಲ ಮತ್ತು ಹಸಿರು ಹೊಲಗಳ ನಡುವೆ ಗೆರೆ ಎಳೆದು ಕೂರುತ್ತದೆ. ಜಲಾಶಯದ ಸುತ್ತ ಒಂದೆರಡು ಕಿಲೋಮೀಟರ್ ಅಂಚು ಬಿಟ್ಟು ಕತ್ತರಿಸಿಕೊಂಡು ಆಮೇಲೆ ಓಡಿಸಬೇಕು.

ಇನ್ನೊಂದು ಬಲೆ ಕಣ್ಣಿಗೆ ಬೀಳುವುದೇ ಇಲ್ಲ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಕಡತಗಳಲ್ಲಿ ಪ್ರತಿ ಅಂಕಿಗೂ 1000 ಸೇರಿಸಿ ಕೊಡುತ್ತಾರೆ, ಬಳಸುವವರು ಕಳೆದುಕೊಳ್ಳಬೇಕು. ಕಳೆಯದಿದ್ದರೆ ಏನಾಗುತ್ತದೆ? ನೀರಿನ ಪಿಕ್ಸೆಲ್ ಒಂದರಲ್ಲಿ ಹಸಿರು 800, ಅವಗೆಂಪು 400 ಇದೆಯೆನ್ನಿ. ಸೂಚ್ಯಂಕ 0.33. ಸಾವಿರ ಕಳೆಯದೆ 1800 ಮತ್ತು 1400 ಎಂದೇ ಬಳಸಿದರೆ 0.125. ಮಿತಿಯನ್ನು ಸೊನ್ನೆಗೇ ಇಟ್ಟವರಿಗೆ ಏನೂ ಆಗುವುದಿಲ್ಲ, ಧನ ಧನವಾಗಿಯೇ ಉಳಿಯುತ್ತದೆ. ಆದರೆ ಹಳೆಯ ಚಿತ್ರಗಳಲ್ಲಿ 0.2 ಸರಿಹೊಂದಿತ್ತು ಎಂದು ಅದನ್ನೇ ಹೊಸ ಚಿತ್ರಕ್ಕೆ ಹಾಕಿದವರ ಜಲಾಶಯ ಒಮ್ಮೆಲೇ ಕುಗ್ಗಿಬಿಡುತ್ತದೆ. ಉಪಗ್ರಹ ಚಿತ್ರ ಸಂಸ್ಕರಿಸುವ ಜಾಲತಾಣ ಗೂಗಲ್ ಅರ್ತ್ ಎಂಜಿನ್‌ನಲ್ಲಿ ‘ಹಾರ್ಮೊನೈಸ್ಡ್’ ಎಂಬ ಸಂಗ್ರಹ ಆರಿಸಿಕೊಂಡರೆ ಈ ಕಳೆಯುವ ಕೆಲಸ ಆಗಿಯೇ ಬರುತ್ತದೆ.

ಸೇರಬಾರದ ನೀರು, ಬಿಟ್ಟುಹೋದ ನೀರು

ಸೂಚ್ಯಂಕ ನೀರನ್ನು ಹುಡುಕುತ್ತದೆಯೇ ಹೊರತು ಜಲಾಶಯವನ್ನಲ್ಲ. ಅಣೆಕಟ್ಟೆಯ ಕೆಳಗಿನ ನದಿ, ಎಡದಂಡೆ – ಬಲದಂಡೆ ಕಾಲುವೆಗಳು, ಹತ್ತಿರದ ಕೆರೆಗಳು, ನೀರು ಕಟ್ಟಿದ ಭತ್ತದ ಗದ್ದೆಗಳು ಎಲ್ಲವೂ ಬರುತ್ತವೆ. ಅಣೆಕಟ್ಟೆಯ ಮುಂದಿನ ಒಂದು ಬಿಂದುವಿನಿಂದ ಶುರುಮಾಡಿ ಅದಕ್ಕೆ ಅಂಟಿಕೊಂಡ ನೀರನ್ನಷ್ಟೇ ಉಳಿಸಿಕೊಳ್ಳುವುದು ಮೊದಲ ಹೆಜ್ಜೆ. ಹಿನ್ನೀರಿನ ಮೇಲೆ ಸೇತುವೆ ಹಾದಿದ್ದರೆ ಅಂಟು ತಪ್ಪಿಹೋಗುತ್ತದೆ, ಅಲ್ಲಿ ಕೈಯಿಂದ ಸೇರಿಸಬೇಕು.

ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಹೂಳಿನ ತಗ್ಗುಗಳಲ್ಲಿ ಹೊಂಡಗಳು ಉಳಿಯುತ್ತವೆ. ಅವುಗಳ ಮಟ್ಟ ಜಲಾಶಯದ ಮಟ್ಟಕ್ಕಿಂತ ಮೇಲಿರುತ್ತದೆ, ಆದ್ದರಿಂದ ಆ ದಿನದ ವಿಸ್ತೀರ್ಣಕ್ಕೆ ಸೇರಿಸಕೂಡದು. ನಡುಗಡ್ಡೆಗಳನ್ನು ತುಂಬಿಬಿಡುವ ಅಭ್ಯಾಸವೂ ಕೆಟ್ಟದ್ದು. ಸಾಫ್ಟ್‌ವೇರಿನಲ್ಲಿ ‘ತೂತು ಮುಚ್ಚು’ ಎಂಬ ಆಯ್ಕೆ ಒತ್ತಿದರೆ ಪಾಚಿಯ ಮಚ್ಚೆಗಳ ಜೊತೆಗೆ ನಿಜವಾದ ದಿಬ್ಬಗಳೂ ನೀರಾಗುತ್ತವೆ.

ಎಲ್ಲಕ್ಕಿಂತ ಕಷ್ಟದ್ದು ನದಿ ಎಲ್ಲಿ ಮುಗಿಯಿತು, ಜಲಾಶಯ ಎಲ್ಲಿ ಶುರುವಾಯಿತು ಎಂಬುದು. ಮಟ್ಟ ಇಳಿದಂತೆ ಜಲಾಶಯದ ಬಾಲ ಅಣೆಕಟ್ಟೆಯ ಕಡೆಗೆ ಸರಿಯುತ್ತದೆ. ಅದರ ಹಿಂದೆ ಹರಿಯುವ ತುಂಗಭದ್ರೆ ಚಿತ್ರದಲ್ಲಿ ಅಷ್ಟೇ ನೀಲಿಯಾಗಿ, ಜಲಾಶಯಕ್ಕೆ ಅಂಟಿಕೊಂಡೇ ಕಾಣುತ್ತದೆ. ಆದರೆ ಅದು ಇಳಿಜಾರಿನಲ್ಲಿ ಹರಿಯುವ ನೀರು, ಸಂಗ್ರಹವಲ್ಲ. ಪ್ರತಿ ಚಿತ್ರಕ್ಕೂ ಬಾಲದ ತುದಿಯನ್ನು ಬೇರೆಯಾಗಿ ಗುರುತಿಸಬೇಕು. ದಡಗಳು ಅಗಲವಾಗಿ ತೆರೆದುಕೊಂಡಿರುವುದು ನಿಂತು, ಮರಳಿನ ದಿಬ್ಬಗಳ ನಡುವೆ ಹರಿವು ಸುತ್ತಿ ಬಳಸಿ ಒಂದೇ ಅಗಲಕ್ಕೆ ಬರುವ ಜಾಗವೇ ಸಾಮಾನ್ಯವಾಗಿ ಆ ತುದಿ. ಅದನ್ನು ಎಲ್ಲಿ ಕತ್ತರಿಸಿದಿರಿ ಎಂದು ನಕ್ಷೆಯಲ್ಲಿ ಉಳಿಸಿಡಿ. ಐದು ವರ್ಷದ ನಂತರ ಇನ್ನೊಬ್ಬರು ಬೇರೆ ಕಡೆ ಕತ್ತರಿಸಿದರೆ ಆ ವ್ಯತ್ಯಾಸ ಹೂಳಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ವಿಸ್ತೀರ್ಣ ಲೆಕ್ಕ ಹಾಕುವಾಗ ನಕ್ಷೆಯ ಪ್ರಕ್ಷೇಪವನ್ನೂ, ಅಂದರೆ ದುಂಡನೆಯ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸಿದ ವಿಧಾನವನ್ನೂ, ನೋಡಿಕೊಳ್ಳಿ. ಅಂತರ್ಜಾಲದ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಪ್ರಕ್ಷೇಪದಲ್ಲೇ ಅಳೆದರೆ, ಹೊಸಪೇಟೆಯ 15.3 ಡಿಗ್ರಿ ಅಕ್ಷಾಂಶದಲ್ಲಿ ವಿಸ್ತೀರ್ಣ ಸುಮಾರು 7.5 ಶೇಕಡಾ ಉಬ್ಬಿ ಬರುತ್ತದೆ. ಏಳೆಂಟು ಟಿಎಂಸಿ ಹೂಳನ್ನು ಮುಚ್ಚಿಡಲು ಅಷ್ಟು ಸಾಕು. ಈ ಭಾಗಕ್ಕೆ ಹೊಂದುವ ಯುಟಿಎಂ ವಲಯ 43 ಉತ್ತರ ಎಂಬ ಪ್ರಕ್ಷೇಪದಲ್ಲಿ ಅಳೆದರೆ ಈ ದೋಷ ನಗಣ್ಯ.

ಅಂಚಿನ ಪಿಕ್ಸೆಲ್‌ಗಳಲ್ಲಿ ಅರ್ಧ ನೀರು, ಅರ್ಧ ನೆಲ ಇರುತ್ತದೆ. ದಡದ ಉದ್ದ 400 ಕಿ.ಮೀ. ಎಂದು ಇಟ್ಟುಕೊಳ್ಳೋಣ, ಇದು ಲೆಕ್ಕಕ್ಕಾಗಿ ಇಟ್ಟ ಅಂಕಿ. ಎಲ್ಲೆಡೆ ಅರ್ಧ ಪಿಕ್ಸೆಲ್ ತಪ್ಪಿದರೆ ಸೆಂಟಿನೆಲ್‌ನಲ್ಲಿ 2 ಚದರ ಕಿ.ಮೀ., ಲಿಸ್-3ರಲ್ಲಿ 4.7, ಲ್ಯಾಂಡ್‌ಸ್ಯಾಟ್‌ನಲ್ಲಿ 6. ತುಂಬಿದ ಜಲಾಶಯಕ್ಕೆ ಇದು ಒಂದೆರಡು ಶೇಕಡಾ ಒಳಗೆ. ಮಟ್ಟ ತೀರಾ ಇಳಿದಾಗ ವಿಸ್ತೀರ್ಣ ಸಣ್ಣದಾಗಿ ದಡ ಮಾತ್ರ ಅಂಕುಡೊಂಕಾಗಿ ಉಳಿಯುವುದರಿಂದ ಶೇಕಡಾವಾರು ತಪ್ಪು ಏರುತ್ತದೆ. ಪಿಕ್ಸೆಲ್ ಎಣಿಸುವ ಬದಲು ಸೂಚ್ಯಂಕದ ಮಿತಿ ಅಂಕಿಗೆ ಸಮರೇಖೆ ಎಳೆದು ಅದರ ಒಳಗಿನ ವಿಸ್ತೀರ್ಣ ತೆಗೆದುಕೊಂಡರೆ ಈ ತಪ್ಪು ಬಹಳಷ್ಟು ಇಳಿಯುತ್ತದೆ, ಏಕೆಂದರೆ ರೇಖೆ ಪಿಕ್ಸೆಲ್‌ನ ಒಳಗೂ ಹಾಯುತ್ತದೆ.

ವಿಸ್ತೀರ್ಣದಿಂದ ಟಿಎಂಸಿಗೆ

ಎರಡು ಮಟ್ಟಗಳ ನಡುವಿನ ಘನ ಅಳತೆಗೆ ಎಂಜಿನಿಯರುಗಳು ಬಳಸುವ ಸೂತ್ರ: ಮಟ್ಟಗಳ ಅಂತರವನ್ನು 3ರಿಂದ ಭಾಗಿಸಿ, ಮೇಲಿನ ವಿಸ್ತೀರ್ಣ, ಕೆಳಗಿನ ವಿಸ್ತೀರ್ಣ, ಎರಡರ ಗುಣಲಬ್ಧದ ವರ್ಗಮೂಲ ಈ ಮೂರರ ಮೊತ್ತದಿಂದ ಗುಣಿಸುವುದು. ಉದಾಹರಣೆಗೆ ಮೇಲೆ 300, ಕೆಳಗೆ 280 ಚದರ ಕಿ.ಮೀ., ಅಂತರ 1.5 ಮೀಟರ್. ವರ್ಗಮೂಲ 289.83, ಮೊತ್ತ 869.83, ಅದರ ಮೂರನೇ ಒಂದು 289.94, 1.5ರಿಂದ ಗುಣಿಸಿದರೆ 434.9 ದಶಲಕ್ಷ ಘನ ಮೀಟರ್. 28.32ರಿಂದ ಭಾಗಿಸಿದರೆ 15.36 ಟಿಎಂಸಿ.

ಬರೀ ಸರಾಸರಿ ವಿಸ್ತೀರ್ಣ ಹಿಡಿದರೂ 435 ಬರುತ್ತದೆ. ಚಿತ್ರಗಳು ಹತ್ತಿರಹತ್ತಿರ ಇದ್ದರೆ ಸೂತ್ರದ ಆಯ್ಕೆಯಿಂದ ವ್ಯತ್ಯಾಸವೇ ಇಲ್ಲ. ನಡುವಿನ ಚಿತ್ರಗಳು ಸಿಗದೆ 300ರಿಂದ 150ಕ್ಕೆ, 8 ಮೀಟರ್ ಅಂತರವನ್ನು ಒಂದೇ ನೆಗೆತದಲ್ಲಿ ದಾಟಿದರೆ ಎರಡು ಲೆಕ್ಕಗಳ ನಡುವೆ 1.2 ಟಿಎಂಸಿ ಅಂತರ ಬೀಳುತ್ತದೆ. ಸೂತ್ರದ ಬಗ್ಗೆ ವಾದಿಸುವ ಸಮಯವನ್ನು ಇನ್ನೊಂದು ಚಿತ್ರ ಹುಡುಕಲು ಬಳಸಬೇಕು.

ದಾಖಲೆಯ ಮಟ್ಟ ಅಡಿಯಲ್ಲಿರುತ್ತದೆ, ವಿಸ್ತೀರ್ಣ ಚದರ ಕಿಲೋಮೀಟರಿನಲ್ಲಿ. 1633 ಅಡಿ ಎಂದರೆ 497.74 ಮೀಟರ್. ಒಂದು ಅಡಿಯನ್ನು 0.3 ಮೀಟರ್ ಎಂದು ದುಂಡಾಗಿಸಿದರೆ ಅಲ್ಲೇ 1.6 ಶೇಕಡಾ ಹೋಯಿತು, 0.3048 ಎಂದೇ ಹಿಡಿಯಿರಿ.

ಉಪಗ್ರಹ ನೀರಿನ ಒಳಗೆ ನೋಡುವುದಿಲ್ಲ. ಅತಿ ಕೆಳಗಿನ ಚಿತ್ರದ ಮಟ್ಟದಿಂದ ಅತಿ ಮೇಲಿನ ಚಿತ್ರದ ಮಟ್ಟದವರೆಗಿನ ಪದರಗಳಷ್ಟೇ ಅದರ ಸಾಕ್ಷ್ಯ. ಅದಕ್ಕೂ ಕೆಳಗಿನ ಭಾಗಕ್ಕೆ ದೋಣಿಯಲ್ಲಿ ಪ್ರತಿಧ್ವನಿ ಯಂತ್ರ ಇಟ್ಟು ಆಳ ಅಳೆದ ಸಮೀಕ್ಷೆಯ ಅಂಕಿಯನ್ನೇ ಹಾಕಿಕೊಳ್ಳಬೇಕು. ವರದಿಯಲ್ಲಿ ಎರಡನ್ನೂ ಕೂಡಿಸಿ ಒಂದೇ ಅಂಕಿ ಬರೆದು, ಎಷ್ಟು ಭಾಗ ಹೊಸದಾಗಿ ಅಳೆದದ್ದು, ಎಷ್ಟು ಹಳೆಯದು ಎಂದು ಹೇಳದೆ ಬಿಡುವುದು ಓದುವವರಿಗೆ ಮಾಡುವ ಅನ್ಯಾಯ.

ತಳದ ಆಕಾರಕ್ಕೆ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶ ಬಳಸಿದ ಲೆಕ್ಕಗಳೂ ಓಡಾಡುತ್ತವೆ. ಆ ಅಳತೆ ನಡೆದದ್ದು 2000ದ ಫೆಬ್ರವರಿಯಲ್ಲಿ, ಬಾಹ್ಯಾಕಾಶ ನೌಕೆಯ ರೇಡಾರಿನಿಂದ. ಅಂದು ಜಲಾಶಯದಲ್ಲಿ ನೀರಿತ್ತು, ರೇಡಾರ್ ಕಂಡದ್ದು ನೀರಿನ ಮೇಲ್ಮೈಯನ್ನು. ಅದರ ಕೆಳಗಿನ ತಳದ ಬಗ್ಗೆ ಅದರಲ್ಲಿ ಏನೂ ಇಲ್ಲ.

ಮಳೆಗಾಲದ ಮೋಡದ ನಡುವೆ ಕಾಣುವುದು ಸೆಂಟಿನೆಲ್-1ರಂಥ ಉಪಗ್ರಹಗಳ ರೇಡಾರಿಗೆ ಮಾತ್ರ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಗಿ, ನೀರನ್ನು ತುರ್ತಾಗಿ ಹೊರಬಿಡಬೇಕಾದಂಥ ದಿನಗಳಲ್ಲಿ ಅದರ ಉಪಯೋಗ ದೊಡ್ಡದು. ಸಾಮರ್ಥ್ಯದ ಕೋಷ್ಟಕ ಕಟ್ಟಲು ಮಾತ್ರ ಅದು ಎರಡನೇ ಆಯ್ಕೆ. ಜೂನ್ – ಆಗಸ್ಟಿನ ಗಾಳಿಗೆ ಅಲೆ ಎದ್ದರೆ ನೀರು ನೆಲದಷ್ಟೇ ಬೆಳ್ಳಗೆ ಕಾಣುತ್ತದೆ. ಬೇಸಿಗೆಯಲ್ಲಿ ನುಣುಪಾದ ಒಣ ಮರಳು ನೀರಿನಷ್ಟೇ ಕಪ್ಪಗೆ ಕಾಣುತ್ತದೆ.

ಹೂಳು ಕೂತಿರುವ ಜಾಗ

ಹತ್ತು – ಹನ್ನೆರಡು ಚಿತ್ರಗಳ ನೀರಿನ ಅಂಚುಗಳನ್ನು ಒಂದರ ಮೇಲೊಂದು ಇಟ್ಟರೆ ಪ್ರತಿ ಅಂಚೂ ಗೊತ್ತಿರುವ ಎತ್ತರದ ಒಂದು ಸಮೋನ್ನತ ರೇಖೆ. ಕ್ಯುಜಿಐಎಸ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಈ ರೇಖೆಗಳನ್ನು ಬೆಸೆದರೆ ಜಲಾಶಯದ ಮೇಲ್ಭಾಗದ ತಳದ ನಕ್ಷೆಯೇ ಸಿಕ್ಕಿತು. ಅಣೆಕಟ್ಟೆ ಕಟ್ಟುವ ಮೊದಲಿನ ಸಮೋನ್ನತ ನಕ್ಷೆ ದಕ್ಕಿದರೆ ಎರಡನ್ನೂ ಕಳೆದು ಹೂಳಿನ ದಪ್ಪ ಜಾಗವಾರು ತೋರಿಸಬಹುದು.

ಒಟ್ಟು ಅಂಕಿಗಿಂತ ಈ ನಕ್ಷೆಯ ಬೆಲೆ ಹೆಚ್ಚು. ಹೂಳು ತಳದಲ್ಲಿ ಮಾತ್ರ ಕೂರುತ್ತದೆ ಎಂಬ ನಂಬಿಕೆ ಸಾಮಾನ್ಯ. ನದಿ ನಿಂತ ನೀರನ್ನು ಸೇರುವ ಕಡೆ ವೇಗ ಕಳೆದುಕೊಂಡು ಮೊದಲು ಮರಳನ್ನು, ಆಮೇಲೆ ಒಂಡನ್ನು, ಕೊನೆಗೆ ಅಣೆಕಟ್ಟೆಯ ಹತ್ತಿರ ನುಣುಪು ಜೇಡಿಯನ್ನು ಬಿಡುತ್ತದೆ. ಹಾಗಾಗಿ ಒಳ್ಳೆಯ ಪಾಲು ಹೂಳು ಹಿನ್ನೀರಿನ ತುದಿಯಲ್ಲಿ, ಬೆಳೆಗೆ ಬಳಸುವ ನೀರಿನ ಪದರದಲ್ಲೇ ಕೂತಿರುತ್ತದೆ. ಬೇಸಿಗೆಯಲ್ಲಿ ಬಯಲಾಗುವ ಹೂಳೂ ಅದೇ, ಲಾರಿ ಹೋಗಿ ಎತ್ತಬಹುದಾದದ್ದೂ ಅದೇ.

ಎಷ್ಟು ಎತ್ತಬಹುದು? 132.47ರಿಂದ 105.788ಕ್ಕೆ ಇಳಿದ 26.68 ಟಿಎಂಸಿ ಎಂದರೆ 75.5 ಕೋಟಿ ಘನ ಮೀಟರ್. ಟಿಪ್ಪರ್‌ಗೆ 10 ಘನ ಮೀಟರಿನಂತೆ ಏಳೂವರೆ ಕೋಟಿ ಲೋಡು. ದಿನಕ್ಕೆ ಹತ್ತು ಸಾವಿರ ಲೋಡು, ಒಂದು ದಿನವೂ ಬಿಡುವಿಲ್ಲದೆ ಸಾಗಿಸಿದರೂ ಇಪ್ಪತ್ತು ವರ್ಷ ದಾಟುತ್ತದೆ, ಕೆಲಸ ಮಾಡಲಾಗುವುದು ವರ್ಷಕ್ಕೆ ಮೂರು ತಿಂಗಳು ಮಾತ್ರ. ಹೂಳೆತ್ತುವ ಬದಲು, ಕಳೆದುಕೊಂಡಷ್ಟು ನೀರನ್ನು ಹಿಡಿದಿಡಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ಹುಟ್ಟಿದ್ದೇ ಈ ಲೆಕ್ಕದಿಂದ. ಹಾಗೆಂದು ಹೂಳೆತ್ತುವುದು ವ್ಯರ್ಥವಲ್ಲ. ಎಲ್ಲಿ ಒಂದು ಮೀಟರ್ ಅಗೆದರೆ ರೈತರ ಹೊಲಕ್ಕೆ ಒಳ್ಳೆಯ ಒಂಡು ಮಣ್ಣು ಸಿಗುತ್ತದೆ, ಎಲ್ಲಿ ಕಾಲುವೆಯ ತೂಬಿಗೆ ನೀರು ಬರುವ ದಾರಿ ಕಟ್ಟಿದೆ ಎಂದು ನಕ್ಷೆ ನೋಡಿ ಆರಿಸಿಕೊಂಡರೆ ಅದಕ್ಕೆ ಅರ್ಥವಿದೆ.

ಅಂಕಿಯನ್ನು ಎಷ್ಟು ನಂಬುವುದು

1953ರಿಂದ 2008ರವರೆಗಿನ 55 ವರ್ಷಕ್ಕೆ 31.6 ಟಿಎಂಸಿ ಹಂಚಿದರೆ ವರ್ಷಕ್ಕೆ 0.57 ಟಿಎಂಸಿ. ಸುಮಾರು 28,180 ಚದರ ಕಿ.ಮೀ. ಜಲಾನಯನಕ್ಕೆ ಭಾಗಿಸಿದರೆ ಚದರ ಕಿಲೋಮೀಟರಿಗೆ ವರ್ಷಕ್ಕೆ 578 ಘನ ಮೀಟರ್ ಹೂಳು. ಲಕ್ಕವಳ್ಳಿಯ ಭದ್ರಾ, ಗಾಜನೂರಿನ ತುಂಗಾ ಅಣೆಕಟ್ಟೆಗಳು ಮೇಲಿನ ಭಾಗದ ಹೂಳನ್ನು ತಡೆಯುವುದರಿಂದ ಉಳಿದ ಬಯಲು ಸೀಮೆಯ ಪಾಲು ಇದಕ್ಕಿಂತ ಹೆಚ್ಚೇ.

ಈಗ 2008ರ ಅಂಕಿಗೂ ಈಗಿನದಕ್ಕೂ ಇರುವ 4.9 ಟಿಎಂಸಿ ಏರಿಕೆಯನ್ನು ಈ ದರದ ಪಕ್ಕ ಇಡಿ. ಎಂಟೂವರೆ ವರ್ಷದ ಹೂಳಿನಷ್ಟು ವ್ಯತ್ಯಾಸ ಬರೀ ಅಳತೆಯಿಂದ ಬಂದಿದೆ. ದೋಣಿ ಸಾಗಿದ ಸಾಲುಗಳ ಅಂತರ, ಅವುಗಳ ನಡುವಿನ ಜಾಗವನ್ನು ತುಂಬಿದ ಗಣಿತ, ಎತ್ತರದ ಮೂಲ ಬಿಂದು, ಬಾಲದ ತುದಿ ಕತ್ತರಿಸಿದ ಜಾಗ, ಇವುಗಳಲ್ಲಿ ಯಾವುದು ಬದಲಾದರೂ ಇಷ್ಟು ಅಂತರ ಬರುತ್ತದೆ. ಹಾಗಾಗಿ ಅಕ್ಕಪಕ್ಕದ ಎರಡು ಸಮೀಕ್ಷೆಗಳನ್ನು ಕಳೆದು ವಾರ್ಷಿಕ ಹೂಳಿನ ದರ ಹೇಳುವುದು ಸಲ್ಲದು. ಉಪಗ್ರಹದ ಅಳತೆಗೂ ಇದೇ ಮಾತು. ಅದರ ಬಲವಿರುವುದು ಅಗ್ಗವಾಗಿ, ಒಂದೇ ವಿಧಾನದಲ್ಲಿ, ಮತ್ತೆಮತ್ತೆ ಅಳೆಯಬಹುದು ಎಂಬಲ್ಲಿ. ಒಂದೇ ಸೂಚ್ಯಂಕ, ಒಂದೇ ಮಿತಿ, ಒಂದೇ ಎಲ್ಲೆ ಇಟ್ಟುಕೊಂಡು ಜಲಾಶಯ ತುಂಬಿ ಬರಿದಾದ ಪ್ರತಿ ವರ್ಷವನ್ನೂ ಅಳೆದರೆ ವಿಧಾನದ ದೋಷ ಎಲ್ಲದರಲ್ಲೂ ಒಂದೇ ಆಗಿ, ಬದಲಾವಣೆ ನಿಜವಾಗಿ ಕಾಣುತ್ತದೆ.

ಐಸಿಸಿ ಸಭೆಗೆ ಹೋಗಬೇಕಾದದ್ದು ಒಂದು ಪುಟದ ಕೋಷ್ಟಕ: ಪ್ರತಿ ಅಡಿಗೆ ಈಗಿನ ಟಿಎಂಸಿ, ಉಪಗ್ರಹದಿಂದ ಬಂದ ಟಿಎಂಸಿ, ಎರಡರ ಅಂತರ, ಅದರ ಪಕ್ಕ ತಪ್ಪಿನ ಅಂದಾಜು. ಅಂತರವು ತಪ್ಪಿನ ಅಂದಾಜಿಗಿಂತ ಹೆಚ್ಚಿರುವ ಸಾಲುಗಳಿಗೆ ಮಾತ್ರ ಗುರುತು ಹಾಕಿ. ಡಿಸೆಂಬರಿನ ಮಟ್ಟದಿಂದ ಏಪ್ರಿಲಿನ ಮಟ್ಟದವರೆಗಿನ ಸಾಲುಗಳೇ ಎರಡನೇ ಬೆಳೆಯ ನೀರು, ಅಲ್ಲಿ ಕೆಂಪು ಗುರುತು ಬಿದ್ದರೆ ಎಕರೆಯ ಮಿತಿಯನ್ನು ಬಿತ್ತನೆಗೆ ಮೊದಲೇ ಕಡಿಮೆ ಹೇಳಬೇಕು. ನಾಟಿ ಆದ ಮೇಲೆ ಹೇಳಿದರೆ ರೈತರಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ದೋಣಿಯ ಸಮೀಕ್ಷೆಯನ್ನು ಜಲಾಶಯ ತುಂಬಿರುವ ಸೆಪ್ಟೆಂಬರ್ – ಅಕ್ಟೋಬರಿನಲ್ಲಿ ಮುಗಿಸಿ, ಆ ವರ್ಷದ್ದೇ ಇಳಿಕೆಯ ಚಿತ್ರಗಳನ್ನು ಜೂನ್ ತನಕ ಅಳೆದರೆ ಎರಡೂ ವಿಧಾನ ನೋಡಿದ ಪದರವೊಂದು ಸಿಗುತ್ತದೆ. ಆ ಪದರದಲ್ಲಿ ಎರಡರ ಟಿಎಂಸಿ ಎರಡು ಶೇಕಡಾ ಒಳಗೆ ಹೊಂದಿದರೆ ಕೆಳಗಿನ ಭಾಗಕ್ಕೆ ದೋಣಿಯ ಅಂಕಿ, ಮೇಲಿನದಕ್ಕೆ ಉಪಗ್ರಹದ ಅಂಕಿ ಹಾಕಿ ಕೋಷ್ಟಕ ಬೆಸೆಯಬಹುದು. ಹೊಂದದಿದ್ದರೆ ಮೊದಲು ನೋಡಬೇಕಾದದ್ದು ದೋಣಿಯವರು ಆಳಕ್ಕೆ ಬಳಸಿದ ಎತ್ತರದ ಮೂಲ ಬಿಂದುವೂ ಅಣೆಕಟ್ಟೆಯ ಮಟ್ಟದ ಪಟ್ಟಿಯ ಮೂಲ ಬಿಂದುವೂ ಒಂದೇ ಆಗಿವೆಯೇ ಎಂದು. ಅಲ್ಲಿ ಅರ್ಧ ಅಡಿ ತಪ್ಪಿದ್ದರೂ ಮೇಲಿನ ಪದರದಲ್ಲಿ ಸುಮಾರು ಎರಡು ಟಿಎಂಸಿ ಹೋಗುತ್ತದೆ. ಆಮೇಲೆ ಬಾಲದ ತುದಿ, ಅದಾದ ಮೇಲೆ ಹಸಿ ಎರೆಯ ಪಟ್ಟಿ.